ಜಾರದ ಬಣ್ಣ

ಕಾಲು ಜಾರಿದರೆ ಎದ್ದು ನಿಲ್ಲಬಹುದು, ಮಾತು ಜಾರಿದರೆ ಹಿಂದಕ್ಕೆ ಪಡೆಯಲಾಗದು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಈ ಗಾದೆಯ ಉತ್ತರಾರ್ಧದ ಬಗೆಗೆ ನನ್ನ ತಕರಾರೇನೂ ಇಲ್ಲ. ಪೂರ್ವಾರ್ಧವನ್ನು ಮಾತ್ರ ಇಪ್ಪತ್ತೈದರ ಹರೆಯದವರು ಯಾರೋ ಕಟ್ಟಿರಬೇಕೆಂದು ತೋರುತ್ತದೆ. ಎಂಬತ್ತರ ಅಂಚಿನಲ್ಲಿರುವವರು ಕಾಲು ಜಾರಿ ಬಿದ್ದರೆ ಎದ್ದು ನಿಲ್ಲುವುದು ಅಷ್ಟು ಸುಲಭದ ಮಾತಲ್ಲ. ಕೆಲವರು ಏಳುವುದೇ ಇಲ್ಲ. ನಾನಿಂದು ಮಾತನಾಡಲು ಹೊರಟಿರುವುದು ಬಣ್ಣದ ಬಗೆಗೆ. ಮನೆಯ ಹಿಂದಿನ ತೋಟದಲ್ಲಿ ಹಾಸಿದ ಮರದ ಹಲಗೆಗಳಿಗೆ ಬಳಿಯುವ, ಕಾಲು ಜಾರದಂತೆ ಕಾಯುವ ಬಣ್ಣದ ಬಗೆಗೆ. ಡಬ್ಬಿಯಲ್ಲಿ ಸಿಗುವ ಬಣ್ಣಕ್ಕೆ ಇಂಥ ಗಂಭೀರವಾದ ಪೀಠಿಕೆಯೇಕೆ ಎಂದು ನೀವು ಕೇಳಬಹುದು. ನನ್ನ ತಾಯಿಯವರ ಕಥೆಯನ್ನು ಕೇಳಿದ ಮೇಲೆ ಆ ಪ್ರಶ್ನೆ ಉಳಿಯಲಾರದು.

ನಮ್ಮ ಮನೆ ಇರುವುದು ಆಗುಂಬೆಯ ಸೀಮೆಯಲ್ಲಿ. ಅಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಜೂನ್ ತಿಂಗಳು ಕಾಲಿಟ್ಟಿತೆಂದರೆ ಕಲ್ಲು, ಮಣ್ಣು, ಮರ, ಹೆಂಚು ಎಲ್ಲದರ ಮೇಲೂ ಹಸುರು ಹಾವಸೆ ಹಬ್ಬುತ್ತದೆ. ಅಂಗಳವೆಂಬುದು ದಾಟಬೇಕಾದ ಹೊಳೆಯಾಗಿಬಿಡುತ್ತದೆ. ನಮ್ಮ ಹಿಂದಿನವರು ಇದಕ್ಕೆ ತಮ್ಮದೇ ಆದ ಉಪಾಯಗಳನ್ನು ಕಂಡುಕೊಂಡಿದ್ದರು. ಅಡಿಕೆಮರವನ್ನು ಸೀಳಿ ಅಂಗಳದುದ್ದಕ್ಕೂ ದಬ್ಬೆ ಹಾಸುತ್ತಿದ್ದರು. ಹಳ್ಳಕ್ಕೆ ಅಡ್ಡವಾಗಿ ಹಾಕಿದ ಸಂಕದ ಮೇಲೆ ಕತ್ತಿಯಿಂದ ಕಚ್ಚು ಹಾಕುತ್ತಿದ್ದರು. ಇಲ್ಲವೆ ತೆಂಗಿನ ನಾರಿನ ಹಗ್ಗ ಸುತ್ತುತ್ತಿದ್ದರು. ನಯವಾದ ಮರ ಒದ್ದೆಯಾದರೆ ಶತ್ರು, ಒರಟಾದ ಮರ ಒದ್ದೆಯಾದರೂ ಮಿತ್ರ ಎಂಬುದು ಅವರಿಗೆ ಯಾರೂ ಹೇಳಿಕೊಡದೆ ತಿಳಿದಿತ್ತು. ಹತ್ತಾರು ವರ್ಷ ಪಟ್ಟಣದಲ್ಲಿದ್ದು ಊರಿಗೆ ಹಿಂದಿರುಗಿದ ನನಗೆ ಅದು ಮರೆತುಹೋಗಿತ್ತು.

2021ರ ಬೇಸಗೆಯಲ್ಲಿ ಹಳೆಯ ಕೊಟ್ಟಿಗೆಯನ್ನು ಬಿಚ್ಚಿದಾಗ ಅಟ್ಟದ ಮತ್ತಿಯ ಹಲಗೆಗಳು ದೊರೆತವು. ಅಡುಗೆಮನೆಯ ಹಿಂಬಾಗಿಲಿನಿಂದ ಹೂದೋಟದವರೆಗೆ ಅವುಗಳನ್ನು ಹಾಸಿ, ನಡೆಯಲೂ ಕೂರಲೂ ಅನುಕೂಲವಾಗುವ ಒಂದು ಜಗಲಿ ಮಾಡಿಸಿದೆ. ಇಂಗ್ಲಿಷಿನವರು ಇದನ್ನು ಡೆಕ್ ಎನ್ನುತ್ತಾರೆ. ನಾವು ಮನೆಯಲ್ಲಿ ಹಲಗೆಹಾಸು ಎಂದೆವು. ಬಡಗಿ ಅದನ್ನು ಒರಟಾಗಿಯೇ ಬಿಡೋಣವೆಂದ. ನಾನು ಒಪ್ಪಲಿಲ್ಲ. ಮರದ ಎಳೆ ಎದ್ದು ಕಾಣಬೇಕು, ನೋಡಿದವರು ಮೆಚ್ಚಬೇಕು ಎಂಬ ಆಸೆಯಿಂದ ಉಜ್ಜಿಸಿ, ಕನ್ನಡಿಯ ಹಾಗೆ ಮಿರುಗುವ ವಾರ್ನಿಶ್ ಹೊಡೆಸಿದೆ. ಬಂದ ನೆಂಟರೆಲ್ಲ ಮೆಚ್ಚಿದರು. ಅದರಲ್ಲಿ ಮುಖ ಕಾಣುತ್ತದೆ ಎಂದು ಒಬ್ಬರು ಹೇಳಿದಾಗ ನಾನು ಹಿಗ್ಗಿದ್ದೂ ಉಂಟು.

ಅದೇ ವರ್ಷ ಸೆಪ್ಟೆಂಬರಿನ ಒಂದು ಬೆಳಿಗ್ಗೆ ನನ್ನ ತಾಯಿ ದೇವರ ಪೂಜೆಗೆ ಹೂ ಕೊಯ್ಯಲು ಹೊರಟರು. ಆಗ ಅವರಿಗೆ ಎಪ್ಪತ್ತೊಂಬತ್ತು. ಜಡಿಮಳೆಯಿರಲಿಲ್ಲ, ಹನಿಯುತ್ತಿತ್ತು ಅಷ್ಟೆ. ಹಿಂಬಾಗಿಲಿನಿಂದ ನಾಲ್ಕನೆಯ ಹೆಜ್ಜೆಗೆ ಬಿದ್ದರು. ತೊಡೆಯ ಮೂಳೆಯ ಕತ್ತು ಮುರಿದಿತ್ತು. ಶಸ್ತ್ರಚಿಕಿತ್ಸೆಯಾಯಿತು, ಮೂರು ತಿಂಗಳು ಊರುಗೋಲಿನ ಚೌಕಟ್ಟನ್ನು ಹಿಡಿದು ನಡೆದರು, ಮೂಳೆ ಕೂಡಿಕೊಂಡಿತು. ಆದರೆ ಅವರು ಹಿಂಬಾಗಿಲಿನ ಹೊಸ್ತಿಲನ್ನು ಮತ್ತೆ ದಾಟಲಿಲ್ಲ. ಮಾರ್ಚ್ ತಿಂಗಳ ಉರಿಬಿಸಿಲಿನಲ್ಲಿ, ಹಲಗೆ ಬೂದಿಯಂತೆ ಒಣಗಿದ್ದಾಗಲೂ ದಾಟಲಿಲ್ಲ. ತಾವು ನೆಟ್ಟು ಬೆಳೆಸಿದ ದುಂಡುಮಲ್ಲಿಗೆಯನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನನಗೆ ಒಂದು ಮಾತನ್ನೂ ಅನ್ನಲಿಲ್ಲ. ಅಂದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಬಣ್ಣದ ವಿಚಾರವನ್ನು ನಾನು ಓದಲು, ಬಲ್ಲವರನ್ನು ಕೇಳಲು ತೊಡಗಿದ್ದು ಹೀಗೆ. ಮೊದಲು ತಿಳಿಯಬೇಕಾಗಿದ್ದುದು, ಕಾಲು ಜಾರುವುದೇಕೆ ಎಂಬುದು. ನಾವು ಹೆಜ್ಜೆಯಿಟ್ಟಾಗ ಹಿಮ್ಮಡಿ ಮೊದಲು ನೆಲವನ್ನು ಮುಟ್ಟುತ್ತದೆ. ನೆಲ ಒದ್ದೆಯಿದ್ದರೆ ಹಿಮ್ಮಡಿಗೂ ನೆಲಕ್ಕೂ ನಡುವೆ ನೀರಿನ ತೆಳುವಾದ ಪೊರೆಯೊಂದಿರುತ್ತದೆ. ಕ್ಷಣಾರ್ಧದಲ್ಲಿ ಆ ನೀರು ಪಕ್ಕಕ್ಕೆ ಸರಿದು, ಪಾದ ನೆಲವನ್ನು ಮುಟ್ಟಿದರೆ ನಾವು ನಿಲ್ಲುತ್ತೇವೆ. ಸರಿಯದಿದ್ದರೆ ಪಾದ ನೀರಿನ ಮೇಲೆಯೇ ತೇಲುತ್ತದೆ. ನೆಲ ಒರಟಾಗಿದ್ದರೆ ಅದರ ಸಣ್ಣ ಸಣ್ಣ ಶಿಖರಗಳು ಈ ಪೊರೆಯನ್ನು ಭೇದಿಸಿಕೊಂಡು ಪಾದವನ್ನು ಹಿಡಿಯುತ್ತವೆ. ಶುದ್ಧವಾದ ನೀರಿಗೆ ಈ ಶಿಖರಗಳು ಸುಮಾರು 20 ಮೈಕ್ರಾನಿನಷ್ಟು, ಎಂದರೆ ಒಂದು ತಲೆಗೂದಲಿನ ದಪ್ಪದ ಮೂರನೆಯ ಒಂದು ಪಾಲಿನಷ್ಟು, ಎತ್ತರವಿದ್ದರೆ ಸಾಕೆಂದು ಬಲ್ಲವರು ಹೇಳುತ್ತಾರೆ. ನೀರಿಗಿಂತ ದಪ್ಪವಾದ ಎಣ್ಣೆಗೆ ಅದರ ಮೂರರಷ್ಟು ಬೇಕು. ಹಾವಸೆಯ ಲೋಳೆ ಬರಿಯ ನೀರಿನಂತಲ್ಲ ಎಂಬುದನ್ನು ಮಲೆನಾಡಿನವರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ನನ್ನ ವಾರ್ನಿಶ್ ಮಾಡಿದ್ದೆಂದರೆ, ಮರಕ್ಕೆ ಸಹಜವಾಗಿದ್ದ ಶಿಖರಗಳನ್ನೆಲ್ಲ ಮುಚ್ಚಿ ನೀರಿಗೊಂದು ನುಣುಪಾದ ತಟ್ಟೆಯನ್ನು ಒದಗಿಸಿದ್ದು.

ಇದು ಹಡಗಿನವರಿಗೆ ಬಹು ಹಿಂದೆಯೇ ಗೊತ್ತಿತ್ತು. ಡೆಕ್ ಎಂಬ ಮಾತು ತೋಟಕ್ಕೆ ಬಂದದ್ದೂ ಹಡಗಿನಿಂದಲೇ. ಹಾಯಿಹಡಗುಗಳ ಕಾಲದಲ್ಲಿ ಯುದ್ಧಕ್ಕೆ ಮುನ್ನ ಹಲಗೆಗಳ ಮೇಲೆ ಮರಳು ಎರಚುತ್ತಿದ್ದರು, ಫಿರಂಗಿಯವರ ಕಾಲು ಜಾರದಿರಲೆಂದು. ಇಂದು ಅಂಗಡಿಯಲ್ಲಿ ಜಾರದ ಬಣ್ಣವೆಂದು ಮಾರುವುದೂ ಮೂಲತಃ ಅದೇ ಮರಳು. ಅದನ್ನು ಹಲಗೆಗೆ ಅಂಟಿಸಿ ಹಿಡಿದಿಡುವ ಕೆಲಸವಷ್ಟೇ ಬಣ್ಣದ್ದು. ಆದ್ದರಿಂದ ಕೊಳ್ಳುವವರು ಎರಡು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ: ಇದರಲ್ಲಿರುವ ಕಣ ಯಾವುದು? ಅದನ್ನು ಹಿಡಿದಿರುವ ಬಣ್ಣ ಯಾವುದು?

ಮೊದಲು ಬಣ್ಣದ ವಿಚಾರ. ಮರವೆಂಬುದು ಕಡಿದ ಮೇಲೂ ಉಸಿರಾಡುವ ವಸ್ತು. ಮಳೆಗಾಲದಲ್ಲಿ ನೀರು ಕುಡಿದು ಅಗಲಕ್ಕೆ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಅದರೊಡನೆ ಹಿಗ್ಗಿ ಕುಗ್ಗಲಾರದ ಬಣ್ಣ ಬಿರಿಯಲೇಬೇಕು. ಬಾಗಿಲು ಕಿಟಕಿಗಳಿಗೆ ಹೊಡೆಯುವ ಎಣ್ಣೆಯ ಎನಾಮಲ್ ಕಾಲ ಕಳೆದಂತೆ ಗಡುಸಾಗಿ ಬಿರಿಯುತ್ತದೆ. ಬಿರುಕಿನಲ್ಲಿ ಇಳಿದ ನೀರು ಹೊರಬರಲಾರದೆ ಒಳಗೇ ಮರವನ್ನು ಕೊಳೆಸುತ್ತದೆ. ಎಪಾಕ್ಸಿ ಬಹಳ ಗಟ್ಟಿಯಾದದ್ದು. ಆದರೆ ಅದು ಅಲುಗಾಡದ ಕಾಂಕ್ರೀಟಿಗೆ ಹೇಳಿಸಿದ್ದು, ಮೇಲಾಗಿ ಬಿಸಿಲಿಗೆ ಹಳದಿಯಾಗಿ ಸುಣ್ಣದಂತೆ ಉದುರುತ್ತದೆ. ಮರದೊಳಕ್ಕೆ ಇಳಿಯುವ ಎಣ್ಣೆಗಳು ಸುಲಿಯುವುದಿಲ್ಲ ಎಂಬುದೇನೋ ನಿಜ. ಅವು ಕಾಲಿಗೆ ಹಿಡಿತವನ್ನೂ ಕೊಡುವುದಿಲ್ಲ. ಹಸಿ ಅಗಸೆಯೆಣ್ಣೆಯನ್ನಂತೂ ಬೂಷ್ಟು ಆಹಾರವನ್ನಾಗಿ ಮಾಡಿಕೊಳ್ಳುತ್ತದೆ. ಉಳಿದವುಗಳಲ್ಲಿ, ಹೊರಾಂಗಣದ ಮರಕ್ಕೆಂದೇ ತಯಾರಿಸಿದ ಅಕ್ರಿಲಿಕ್ ಬಣ್ಣ ನಮ್ಮ ಹವೆಗೆ ಹೊಂದುತ್ತದೆ. ನೀರಿನಲ್ಲಿ ಕಲಸಿದ ಬಣ್ಣ ಮಳೆಯನ್ನು ತಡೆದೀತೇ ಎಂದು ಅನುಮಾನ ಪಡುವವರುಂಟು. ಒಣಗಿದ ಮೇಲೆ ಅದು ನೀರಿಗೆ ಕರಗುವುದಿಲ್ಲ. ಮರದೊಡನೆ ಬಾಗುತ್ತದೆ, ಒಳಗಿನ ತೇವ ಆವಿಯಾಗಿ ಹೋಗಲು ದಾರಿ ಬಿಡುತ್ತದೆ. ಹೊಳಪಿನದನ್ನು ಬಿಟ್ಟು ಮಂಕಾದದ್ದನ್ನು ಆರಿಸಬೇಕೆಂದು ಹೇಳುವ ಅಗತ್ಯ ಈಗ ಇರಲಾರದು.

ಇನ್ನು ಕಣದ ವಿಚಾರ. ಮರಳು, ಅಲ್ಯೂಮಿನಿಯಂ ಆಕ್ಸೈಡ್, ಪ್ಲಾಸ್ಟಿಕ್ ಜಾತಿಯ ಸಣ್ಣ ಗುಂಡುಗಳು, ಹೀಗೆ ಹಲವು ಬಗೆಗಳಿವೆ. ಅಲ್ಯೂಮಿನಿಯಂ ಆಕ್ಸೈಡ್ ಎಂದರೆ ಬಡಗಿಯ ಉಪ್ಪುಕಾಗದದ ಮೇಲಿರುವ ಕಣವೇ. ಬೂಟು ತೊಟ್ಟವರು ಓಡಾಡುವ ಕಾರ್ಖಾನೆಯ ನೆಲಕ್ಕೆ, ಹಡಗಿಗೆ ಅದು ಉತ್ತಮವಾದದ್ದು. ಬರಿಗಾಲಿನಲ್ಲಿ ನಡೆಯುವ ಮುದುಕರ ತೆಳುವಾದ ಚರ್ಮಕ್ಕೂ, ಅಂಬೆಗಾಲಿಡುವ ಮಗುವಿನ ಮೊಣಕಾಲಿಗೂ ಅದು ಉಪ್ಪುಕಾಗದವೇ ಆಗುತ್ತದೆ. ಸಣ್ಣ ಮರಳು ಅಥವಾ ದುಂಡನೆಯ ಗುಂಡುಗಳು ಹಿಡಿತವನ್ನು ತುಸು ಕಡಿಮೆ ಕೊಟ್ಟರೂ ಕಾಲಿಗೆ ಹಿತವಾಗಿರುತ್ತವೆ. ಆದ್ದರಿಂದ ಹಲಗೆಯ ಮೇಲೆ ನಡೆಯುವವರು ಯಾರು ಎಂಬುದು ತಿಳಿಯದೆ ಯಾವ ಬಣ್ಣ ಒಳ್ಳೆಯದೆಂದು ಹೇಳಲು ಸಾಧ್ಯವಿಲ್ಲ. ನಾನು ಹೋದ ಒಂದು ಅಂಗಡಿಯಲ್ಲಿ ನನ್ನ ಹಲಗೆಹಾಸಿನ ಉದ್ದಗಲವನ್ನು ಕೇಳಿದರು, ಬಣ್ಣ ಯಾವುದಿರಲೆಂದು ಕೇಳಿದರು; ನಡೆಯುವವರ ವಯಸ್ಸನ್ನು ಕೇಳಲಿಲ್ಲ. ಮೊದಲ ಸಲ ನಾನೂ ಅದನ್ನು ಕೇಳಿಕೊಂಡಿರಲಿಲ್ಲವಾದ್ದರಿಂದ ಅವರನ್ನು ದೂರುವ ಹಕ್ಕು ನನಗಿಲ್ಲ.

ಡಬ್ಬಿಗಳ ಮೇಲೆ ಅಚ್ಚು ಮಾಡಿರುವ ಅಂಕಿಗಳ ಬಗೆಗೆ ಎರಡು ಮಾತು. ನೆಲದ ಜಾರುಗುಣವನ್ನು ಅಳೆಯಲು ಒಂದು ಲೋಲಕವಿದೆ. ತುದಿಗೆ ರಬ್ಬರು ಕಟ್ಟಿದ ಅದರ ತೋಳು ಮೇಲಿನಿಂದ ಬೀಸಿ ಬಂದು ಒದ್ದೆಯಾದ ನೆಲವನ್ನು ಸವರಿ ಆಚೆ ಬದಿಗೆ ಏರುತ್ತದೆ. ನೆಲ ಹಿಡಿದರೆ ಕಡಿಮೆ ಏರುತ್ತದೆ, ಜಾರಿಸಿದರೆ ಹೆಚ್ಚು ಏರುತ್ತದೆ. 1940ರ ದಶಕದಲ್ಲಿ ಅಮೆರಿಕದ ಪರ್ಸಿ ಸಿಗ್ಲರ್ ಎಂಬಾತ ಕಟ್ಟಡಗಳ ನೆಲವನ್ನು ಪರೀಕ್ಷಿಸಲು ರೂಪಿಸಿದ ಈ ಯಂತ್ರವನ್ನು, ಮುಂದೆ ಬ್ರಿಟನ್ನಿನ ರಸ್ತೆ ಸಂಶೋಧನಾಲಯದವರು ತಿದ್ದಿ ರಸ್ತೆಗಳಿಗೆ ಅಳವಡಿಸಿದರು. ಇದರ ಮಾಪನದಲ್ಲಿ 36 ಅಥವಾ ಹೆಚ್ಚು ಬಂದರೆ ಜಾರುವ ಅಪಾಯ ಕಡಿಮೆಯೆಂದೂ, 25ಕ್ಕಿಂತ ಕೆಳಗೆ ಬಂದರೆ ಅಪಾಯ ಬಹಳವೆಂದೂ ಬ್ರಿಟನ್ನಿನಲ್ಲಿ ಎಣಿಸುತ್ತಾರೆ. ಒದ್ದೆಯಾಗಿದ್ದಾಗಿನ ಅಂಕಿಯನ್ನೇ ಕೇಳಬೇಕು. ಒಣಗಿದಾಗ ಬಹುಮಟ್ಟಿಗೆ ಯಾವ ನೆಲವೂ ಸಾಧುವೇ.

ಜರ್ಮನರ ಕ್ರಮ ಬೇರೆ. ಇಳಿಜಾರಾಗಿ ಓರೆ ಮಾಡಬಹುದಾದ ಹಲಗೆಯ ಮೇಲೆ ಎಣ್ಣೆ ಸುರಿದು, ಬೂಟು ತೊಟ್ಟ ಒಬ್ಬ ಮನುಷ್ಯನನ್ನು ನಡೆಸುತ್ತಾರೆ. ಎಷ್ಟು ಓರೆಯವರೆಗೆ ಅವನು ತಡೆದಾನೆಂಬುದನ್ನು ನೋಡಿ ಆರ್ 9ರಿಂದ ಆರ್ 13ರವರೆಗೆ ದರ್ಜೆ ಕೊಡುತ್ತಾರೆ. ಆರ್ 9 ಎಂದು ಹೆಮ್ಮೆಯಿಂದ ಅಚ್ಚು ಹಾಕಿದ್ದನ್ನು ಕಂಡು ಹತ್ತಕ್ಕೆ ಒಂಬತ್ತು ಅಂಕ ಬಂದಿದೆಯೆಂದು ನಾನು ಮೋಸಹೋಗಿದ್ದೆ. ಒಂಬತ್ತೆಂಬುದು ಆ ಸಾಲಿನ ಅತ್ಯಂತ ಕೆಳಗಿನ ಮೆಟ್ಟಿಲು. ಬರಿಗಾಲಿಗೆ ಬೇರೆಯೇ ಪರೀಕ್ಷೆಯಿದೆ. ಅದರಲ್ಲಿ ಸಾಬೂನುನೀರಿನ ಮೇಲೆ ಬರಿಗಾಲಿನವನನ್ನು ನಡೆಸಿ ಎ, ಬಿ, ಸಿ ಎಂದು ದರ್ಜೆ ಕೊಡುತ್ತಾರೆ. ಇಲ್ಲಿಯೂ ಶಾಲೆಯ ಲೆಕ್ಕ ತಲೆಕೆಳಗು: ಎ ಎಂದರೆ ಕನಿಷ್ಠ, ಸಿ ಎಂದರೆ ಶ್ರೇಷ್ಠ. ಮನೆಯ ಹಿತ್ತಿಲಲ್ಲಿ ಬರಿಗಾಲಿನಲ್ಲೇ ಓಡಾಡುವ ನಮಗೆ ಬೂಟಿನ ಅಂಕಿಗಿಂತ ಈ ಅಂಕಿ ಹೆಚ್ಚು ಮುಖ್ಯ.

ಇಷ್ಟೆಲ್ಲ ತಿಳಿದ ಮೇಲೂ ನನಗೆ ಧೈರ್ಯ ಸಾಲಲಿಲ್ಲ. ಒಮ್ಮೆ ತಪ್ಪಿದವನು ಎರಡನೆಯ ಸಲ ಹೆಚ್ಚು ಯೋಚಿಸುತ್ತಾನೆ. 2022ರ ಮಳೆಗಾಲಕ್ಕೆ ಮುನ್ನ ಮೂರು ತುಂಡು ಹಲಗೆಗಳನ್ನು ತೆಗೆದುಕೊಂಡು, ಒಂದಕ್ಕೆ ಕಣವಿಲ್ಲದ ಎಣ್ಣೆಯ ಎನಾಮಲ್, ಇನ್ನೊಂದಕ್ಕೆ ದಪ್ಪಕಣದ ಬಣ್ಣ, ಮತ್ತೊಂದಕ್ಕೆ ಸಣ್ಣಕಣದ ಅಕ್ರಿಲಿಕ್ ಬಳಿದು ತೋಟದಲ್ಲಿ ಇರಿಸಿದೆ. ನಾಲ್ಕು ತಿಂಗಳು ಆಗುಂಬೆಯ ಮಳೆಯೇ ಪರೀಕ್ಷಕ. ಆಗಸ್ಟಿನ ಹೊತ್ತಿಗೆ ಎನಾಮಲ್ಲಿನ ಹಲಗೆ ಅಂಚಿನಲ್ಲಿ ಬಿರಿದು ಬೊಬ್ಬೆಯೆದ್ದಿತು. ಅದರ ಮೇಲೆ ಹಾವಸೆ ಎಣ್ಣೆ ಸವರಿದಂತೆ ಕೂತಿತ್ತು. ಉಳಿದೆರಡು ಬಣ್ಣಗಳು ನಿಂತವು.

ಅಕ್ಟೋಬರಿನಲ್ಲಿ ಆ ಎರಡು ಹಲಗೆಗಳನ್ನು ತೊಳೆದು, ಒಳಜಗಲಿಗೆ ತಂದು ಅಲುಗದಂತೆ ಹೂಡಿ, ನೀರು ಸುರಿದು, ತಾಯಿಯವರನ್ನು ಕರೆದೆ. ಒಂದು ಕಡೆ ನಾನು, ಇನ್ನೊಂದು ಕಡೆ ನನ್ನ ಹೆಂಡತಿ ಅವರ ತೋಳು ಹಿಡಿದೆವು. ಬಹಳ ಹೊತ್ತು ಒಲ್ಲೆನೆಂದರು. ಆಮೇಲೆ ದಪ್ಪಕಣದ ಹಲಗೆಯ ಮೇಲೆ ಕಾಲಿಟ್ಟು ಮುಖ ಹಿಂಡಿದರು. ಹಿಮ್ಮಡಿಯ ಬಿರುಕಿಗೆ ಅದು ಚುಚ್ಚುತ್ತಿತ್ತು. ಇದರ ಮೇಲೆ ಕಸಬರಿಕೆಯೂ ಓಡದು ಎಂದರು. ಅದು ನಿಜವಾಗಿತ್ತು, ಅದರ ಸಂದುಗಳಲ್ಲಿ ಮಣ್ಣು ಕೂತಿತ್ತು. ಸಣ್ಣಕಣದ ಹಲಗೆಯ ಮೇಲೆ ನಿಂತು ಪಾದವನ್ನು ಹಿಂದೆ ಮುಂದೆ ಆಡಿಸಿ ನೋಡಿದರು. "ಇದು ನೆಲದ ಹಾಗಿದೆ" ಎಂದರು. ಲೋಲಕದ ಅಂಕಿಗಿಂತ ಆ ಮಾತು ನನಗೆ ಹೆಚ್ಚಿನದಾಯಿತು.

ಬಣ್ಣ ಆರಿಸುವುದು ಮುಗಿದರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧವನ್ನು ಅವಸರದಲ್ಲಿ ಕೆಡಿಸುವವರೇ ಹೆಚ್ಚು. ಹಳೆಯ ವಾರ್ನಿಶನ್ನು ಪೂರ್ತಿ ಕೆರೆದು ತೆಗೆಯಬೇಕು. ಇಲ್ಲವಾದರೆ ಹೊಸ ಬಣ್ಣ ಅದನ್ನೇ ನಂಬಿ ಅದರೊಡನೆಯೇ ಸುಲಿದುಹೋಗುತ್ತದೆ. ಮರದ ತೇವ ನೂರಕ್ಕೆ 15ರ ಆಸುಪಾಸಿಗೆ ಇಳಿದಿರಬೇಕು. ನಮ್ಮಲ್ಲಿ ಅದು ಸಂಕ್ರಾಂತಿ ಕಳೆದ ಮೇಲಿನ ಮಾತು. ಹಲಗೆಯ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ನೋಡಿ: ನೀರು ಮುತ್ತಿನಂತೆ ಮೇಲೆಯೇ ನಿಂತರೆ ಮರ ಇನ್ನೂ ಬಣ್ಣ ಹಿಡಿಯಲು ಸಿದ್ಧವಾಗಿಲ್ಲ, ಇಂಗಿದರೆ ಸಿದ್ಧವಾಗಿದೆ. ಉರಿಬಿಸಿಲಿನಲ್ಲಿ ಬಳಿಯಬಾರದು, ಬಣ್ಣ ಮರವನ್ನು ಹಿಡಿಯುವ ಮೊದಲೇ ಒಣಗಿಬಿಡುತ್ತದೆ. ಹಲಗೆಯ ಕೊಯ್ದ ತುದಿಗಳನ್ನು ಮರೆಯಬಾರದು. ಮರ ಅತಿ ಹೆಚ್ಚು ನೀರು ಕುಡಿಯುವುದು ಆ ತುದಿಗಳಿಂದ. ಕಣವು ಡಬ್ಬಿಯ ತಳಕ್ಕೆ ಇಳಿಯುತ್ತದೆಯಾದ್ದರಿಂದ ಕುಂಚ ಅದ್ದುವಾಗಲೆಲ್ಲ ಕದಡುತ್ತಿರಬೇಕು. ಎರಡು ತೆಳುವಾದ ಲೇಪಗಳು ಸಾಕು. ಚೆನ್ನಾಗಿರಲೆಂದು ಮೂರನೆಯದನ್ನು ದಪ್ಪವಾಗಿ ಬಳಿದರೆ ಶಿಖರಗಳೆಲ್ಲ ಹೂತುಹೋಗಿ, ಹಣ ಕೊಟ್ಟು ಕೊಂಡ ಒರಟುತನ ಹಣ ಕೊಟ್ಟು ಕೊಂಡ ಬಣ್ಣದಡಿಯಲ್ಲೇ ಸಮಾಧಿಯಾಗುತ್ತದೆ.

ಮೆಟ್ಟಿಲಿದ್ದರೆ ಅದರ ಅಂಚಿಗೆ ಬೇರೆ ಬಣ್ಣದ ಪಟ್ಟಿಯೊಂದನ್ನು ಎಳೆಯುವುದು ಲೇಸು. ಮುಪ್ಪಿನ ಕಣ್ಣಿಗೆ ಒಂದೇ ಬಣ್ಣದ ಎರಡು ಮೆಟ್ಟಿಲುಗಳು ಒಂದೇ ನೆಲದಂತೆ ಕಾಣುತ್ತವೆ. ಕಡುಗಪ್ಪು ಬಣ್ಣ ಏಪ್ರಿಲ್ ಬಿಸಿಲಿಗೆ ಕಾದು ಅಂಗಾಲನ್ನು ಸುಡುತ್ತದೆ. ತಿಳಿಯಾದ ಬೂದುಬಣ್ಣ ಅಥವಾ ಮಣ್ಣಿನ ಬಣ್ಣ ಒಳ್ಳೆಯದು. ಹಲಗೆಗಳಲ್ಲಿ ಉದ್ದುದ್ದ ಗೀರುಗಳನ್ನು ಕೊರೆದಿದ್ದರೆ ಬಣ್ಣವೇ ಬೇಡವೆಂದು ಕೆಲವರು ನಂಬಿದ್ದಾರೆ. ಗೀರಿಗೆ ಅಡ್ಡವಾಗಿ ನಡೆದರೆ ಅದು ತುಸು ನೆರವಾದೀತು. ಗೀರಿನುದ್ದಕ್ಕೆ ನಡೆದರೆ ಪ್ರಯೋಜನ ಕಡಿಮೆ. ಮೇಲಾಗಿ ಗೀರುಗಳಲ್ಲಿ ನೀರೂ ತರಗೆಲೆಯೂ ನಿಂತು ಹಾವಸೆಗೆ ತೊಟ್ಟಿಲಾಗುತ್ತವೆ.

ಈ ಹಾವಸೆಯನ್ನು ಗೆದ್ದ ಬಣ್ಣವನ್ನು ನಾನಿನ್ನೂ ಕಂಡಿಲ್ಲ. ಕಣಗಳು ಎಷ್ಟೇ ಚೂಪಾಗಿರಲಿ, ಅವುಗಳ ನಡುವಣ ಕಣಿವೆಗಳಲ್ಲಿ ಹಾವಸೆ ತುಂಬಿಕೊಂಡರೆ ನೆಲ ಮತ್ತೆ ನುಣುಪಾಗುತ್ತದೆ. ಕೊಳೆರೋಗಕ್ಕೆಂದು ಅಡಿಕೆಗೊನೆಗೆ ಹೊಡೆಯುವ ಬೋರ್ಡೋ ದ್ರಾವಣ ಮಿಕ್ಕಿದ್ದನ್ನು ಹಲಗೆಗೆ ಸುರಿದುಬಿಡಿ ಎಂದು ನೆರೆಮನೆಯವರೊಬ್ಬರು ಸಲಹೆ ಕೊಟ್ಟರು. ಅವರ ಮಾತಿನಲ್ಲಿ ತಿರುಳಿಲ್ಲದಿಲ್ಲ. ತಾಮ್ರ ಹಾವಸೆಗೆ ವಿಷ. ಆದರೆ ಅದು ಹಲಗೆಯನ್ನು ನೀಲಿಯಾಗಿಸುತ್ತದೆ, ಕಬ್ಬಿಣದ ಮೊಳೆಗಳನ್ನು ತಿನ್ನುತ್ತದೆ, ಬರಿಗಾಲಿಗೂ ಅಂಟುತ್ತದೆ. ನಾನು ಕೈಮುಗಿದು ಬಿಟ್ಟೆ. ಗಟ್ಟಿಯಾದ ಹಿಡಿಕಸಬರಿಕೆಯಿಂದ ವಾರಕ್ಕೊಮ್ಮೆ ನೀರು ಹಾಕಿ ತಿಕ್ಕುವುದು, ಹಲಗೆಗಳ ನಡುವಣ ಸಂದುಗಳಲ್ಲಿ ಸಿಕ್ಕಿಕೊಂಡ ಎಲೆಗಳನ್ನು ಕೆದಕಿ ತೆಗೆಯುವುದು, ಮೇಲೆ ಬಾಗಿದ ಟೊಂಗೆಗಳನ್ನು ಕಡಿದು ಬಿಸಿಲಿಗೆ ದಾರಿ ಮಾಡುವುದು, ಇಷ್ಟನ್ನು ಮಾಡದ ಮನೆಗೆ ಎಂಥ ಬಣ್ಣ ತಂದರೂ ಒಂದು ಮಳೆಗಾಲದ ಬಾಳಿಕೆಯಷ್ಟೆ. ಒತ್ತಡದಿಂದ ನೀರು ಚಿಮ್ಮುವ ಯಂತ್ರಗಳು ಬಂದಿವೆ. ಅವು ಹಾವಸೆಯ ಜೊತೆಗೆ ಬಣ್ಣವನ್ನೂ ಮರದ ನಾರನ್ನೂ ಎಬ್ಬಿಸುವುದರಿಂದ ಬಹಳ ಎಚ್ಚರ ಬೇಕು.

ಹಲಗೆಹಾಸಿಗೆ ಬಣ್ಣ ಬಳಿದದ್ದು 2023ರ ಫೆಬ್ರವರಿಯಲ್ಲಿ. ಬಣ್ಣ ಒಣಗಿ ಗಟ್ಟಿಯಾಗಲೆಂದು ಒಂದು ವಾರ ಯಾರೂ ಅದರ ಮೇಲೆ ಓಡಾಡದಂತೆ ಬಾಗಿಲಿಗೆ ಅಡ್ಡಗೋಲು ಹಾಕಿದ್ದೆ. ಆಮೇಲೂ ತಾಯಿಯವರನ್ನು ನಾನು ಕರೆಯಲಿಲ್ಲ. ಭಯವನ್ನು ಬಣ್ಣ ಹೊಡೆದು ಮುಚ್ಚಲಾಗುವುದಿಲ್ಲ; ಅದಕ್ಕೆ ಅದರದೇ ಕಾಲ ಬೇಕು. ಮಾರ್ಚ್ ಕಳೆಯಿತು. ಏಪ್ರಿಲಿನಲ್ಲಿ ಮೊದಲ ಅಡ್ಡಮಳೆ ಬಂದು ನಿಂತ ಮರುದಿನ ಬೆಳಿಗ್ಗೆ, ನಾನು ಒಳಗೆ ಪತ್ರಿಕೆ ಓದುತ್ತಿದ್ದಾಗ ಹಿಂಬಾಗಿಲಿನ ಅಗುಳಿಯ ಸದ್ದಾಯಿತು. ಎದ್ದು ನೋಡಿದೆ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಹೂಬುಟ್ಟಿ. ಹಲಗೆ ಇನ್ನೂ ಒದ್ದೆಯಾಗಿತ್ತು. ನಾಲ್ಕನೆಯ ಹೆಜ್ಜೆಯ ಬಳಿ ಅವರು ನಿಂತರು. ನಾನು ಕೂಗಲೂ ಇಲ್ಲ, ಓಡಲೂ ಇಲ್ಲ. ಬಾಗಿಲಿನ ಚೌಕಟ್ಟನ್ನು ಹಿಡಿದು ನಿಂತೆ. ಅವರು ಪಾದವನ್ನು ಒಮ್ಮೆ ಹಿಂದೆ ಮುಂದೆ ಆಡಿಸಿ ನೋಡಿ, ಐದನೆಯ ಹೆಜ್ಜೆಯನ್ನು ಇಟ್ಟರು.

ಓಡಾಟದ ದಾರಿಯಲ್ಲಿ ಬಣ್ಣ ಸವೆಯುತ್ತದೆ. 2025ರ ಫೆಬ್ರವರಿಯಲ್ಲಿ ಬಾಗಿಲಿನಿಂದ ಮಲ್ಲಿಗೆಯವರೆಗಿನ ಒಂದು ಪಟ್ಟೆಯಷ್ಟನ್ನು ಮತ್ತೆ ಬಳಿಯಬೇಕಾಯಿತು. ಉಳಿದ ಕಡೆ ಹಾಗೆಯೇ ಇತ್ತು. ಈಗ ನಮ್ಮ ಹಲಗೆಹಾಸಿನಲ್ಲಿ ಯಾರ ಮುಖವೂ ಕಾಣುವುದಿಲ್ಲ. ನೆಂಟರು ಬಂದರೆ ಅದನ್ನು ಗಮನಿಸದೆ ದಾಟಿಹೋಗುತ್ತಾರೆ. ನೀವೂ ನಿಮ್ಮ ಮನೆಯ ಹಿತ್ತಿಲಿಗೋ ಮಾಳಿಗೆಯ ಮೇಲಿನ ಕೈತೋಟಕ್ಕೋ ಹಲಗೆ ಹಾಸುವವರಿದ್ದರೆ, ಬಣ್ಣದಂಗಡಿಗೆ ಹೋಗುವ ಮೊದಲು ಮನೆಯ ಅತ್ಯಂತ ಹಿರಿಯರ ಅಂಗಾಲನ್ನೊಮ್ಮೆ ನೋಡಿಕೊಂಡು ಹೋಗಿರೆಂದು ವಿನಂತಿಸಿಕೊಂಡು ನನ್ನ ಮಾತನ್ನು ಮುಗಿಸುತ್ತೇನೆ.